ಯುಟಿಎಂ ಬಾಲ ಇರುವ ಲಿಂಕೇ ಗೂಗಲ್‌ನಲ್ಲಿ ಬರುತ್ತಿದೆ, ರ್ಯಾಂಕೂ ಬಿದ್ದಿದೆ. ಯಾರಾದರೂ ನೋಡಿ

ಕೈತೋಟದ_ಕಿಟ್ಟಿ:
ಕೈತೋಟದ ಬಗ್ಗೆ ನನ್ನದೊಂದು ವರ್ಡ್‌ಪ್ರೆಸ್ ಸೈಟ್ ಇದೆ. "ಕುಂಡದಲ್ಲಿ ಕರಿಬೇವು" ಅಂತ ಹುಡುಕಿದರೆ ಮೊದಲ ಪುಟದಲ್ಲೇ ಸಿಗುತ್ತಿತ್ತು. ಈಗ ಎಲ್ಲೋ ಮೂರನೇ ಪುಟ. ಅದೂ ವಿಳಾಸದ ಕೊನೆಗೆ ಯುಟಿಎಂ_ಸೋರ್ಸ್, ಯುಟಿಎಂ_ಮೀಡಿಯಂ ಅಂತ ಉದ್ದ ಬಾಲ (ಓದುಗರು ಎಲ್ಲಿಂದ ಬಂದರು ಅಂತ ತಿಳಿಯಲು ಲಿಂಕಿಗೆ ಸೇರಿಸುವ ಗುರುತು). ಹುಡುಕಾಟದಲ್ಲಿ ಮೇಲೆ ಬರಲು ನೆರವಾಗುವ ಎಸ್‌ಇಒ ಪ್ಲಗಿನ್‌ನಲ್ಲಿ ಎಲ್ಲ ಹಸಿರು ದೀಪ. ತಲೆ ಕೆಟ್ಟು ಹೋಗಿದೆ. ಯುಟಿಎಂ ಹಾಕಿದರೆ ರ್ಯಾಂಕ್ ಬೀಳುತ್ತದೆಯೋ ಇಲ್ಲವೋ, ಒಂದೇ ಮಾತಲ್ಲಿ ಹೇಳಿ.

ಲಾಗ್‌ಪ್ರಿಯ:
ಬರೀ ಯುಟಿಎಂ ಹಾಕಿದ್ದಕ್ಕೆ ಬೀಳುವುದಿಲ್ಲ. ಆದರೆ ಬಾಲ ಬೇರೆಯಾದರೆ ಸರ್ಚ್ ಎಂಜಿನ್ ಲೆಕ್ಕದಲ್ಲಿ ವಿಳಾಸವೂ ಬೇರೆ. ಒಂದೇ ಪುಟಕ್ಕೆ ಹತ್ತು ವಿಳಾಸ ಕಂಡರೆ ಅದು ಒಂದನ್ನು ಆರಿಸಿಕೊಳ್ಳುತ್ತದೆ. ಯಾವುದು ಅಸಲಿ ಅಂತ ಹೇಳುವುದಕ್ಕೇ 2009ರಲ್ಲಿ ಕ್ಯಾನೊನಿಕಲ್ ಟ್ಯಾಗ್ ಬಂದಿದ್ದು. ಪೇಜ್ ಸೋರ್ಸ್ (ಪುಟದ ಹಿಂದಿನ ಕೋಡ್) ತೆಗೆದು ಆ ಸಾಲು ಇಲ್ಲಿ ಹಾಕಿ.

ಕ್ರಾಲ್_ಭಟ್ರು:
ಇದು ಪಕ್ಕಾ ಕ್ರಾಲ್ ಬಜೆಟ್ ಸಮಸ್ಯೆ, ಅಂದರೆ ಗೂಗಲ್ ಬಾಟ್ ಒಂದು ಸೈಟ್ ಓದಲು ಇಟ್ಟುಕೊಂಡ ಮಿತಿ. ಬಾಟ್ ಬಾಲದ ವಿಳಾಸಗಳಲ್ಲೇ ಸುತ್ತಿ ಸುಸ್ತಾಗುತ್ತಿದೆ. ಬಾಟ್ ಎಲ್ಲಿಗೆ ಬರಬಾರದು ಅಂತ ಹೇಳುವ ರೋಬೋಟ್ಸ್ ಫೈಲಿನಲ್ಲಿ ಯುಟಿಎಂ ಬ್ಲಾಕ್ ಮಾಡಿ. ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲಿನ ಪ್ಯಾರಾಮೀಟರ್ (ಬಾಲ) ಟೂಲಿನಲ್ಲೂ ಹಾಕಿಬಿಡಿ.

ಲಾಗ್‌ಪ್ರಿಯ:
ಭಟ್ರೇ, ಆ ಟೂಲನ್ನು 2022ರಲ್ಲೇ ತೆಗೆದರು. ಕ್ರಾಲ್ ಬಜೆಟ್ ಚಿಂತೆ 10 ಲಕ್ಷ ಪುಟ ಇರುವವರಿಗೆ, ಇಲ್ಲಾ ದಿನವೂ ಸಾವಿರಾರು ಪುಟ ಬದಲಾಗುವವರಿಗೆ. ಕರಿಬೇವಿನ ಸೈಟಿಗೆ ಯಾಕೆ? ಅದೂ ಅಲ್ಲದೆ ಬ್ಲಾಕ್ ಮಾಡಿದರೆ ಬಾಟ್ ಪುಟದ ಒಳಗೇ ಬರುವುದಿಲ್ಲ. ಮತ್ತೆ ಕ್ಯಾನೊನಿಕಲ್ ಓದುವುದು ಹೇಗೆ?

ಕ್ರಾಲ್_ಭಟ್ರು:
ನಾನು ನೋಡಿದ ಸೈಟುಗಳಲ್ಲೆಲ್ಲ ಬಜೆಟ್ಟೇ ಕಾರಣ. ಲಾಗ್ ಫೈಲ್ (ಯಾರು ಯಾವ ಪುಟಕ್ಕೆ ಬಂದರು ಅನ್ನುವ ಸರ್ವರ್ ದಾಖಲೆ) ಕೊಡಲಿ, ತೋರಿಸುತ್ತೇನೆ.

ಸ್ಲಗ್_ಸೀನ:
ಅದೆಲ್ಲ ಬಿಡಿ. ವಿಳಾಸ ಕನ್ನಡದಲ್ಲಿದೆಯಾ? ವರ್ಡ್‌ಪ್ರೆಸ್ ಸ್ಲಗ್‌ಗೆ (ವಿಳಾಸದಲ್ಲಿ ಪುಟದ ಹೆಸರಿರುವ ಭಾಗ) ಜಾಗ ಇರುವುದು 200. ಕನ್ನಡದ ಒಂದೊಂದು ಚಿಹ್ನೆಯೂ ಎನ್‌ಕೋಡ್ ಆದಾಗ (ಪರ್ಸೆಂಟ್ ಸಂಕೇತವಾಗಿ ಬದಲಾದಾಗ) 9 ಜಾಗ ನುಂಗುತ್ತದೆ. ಕಾಗುಣಿತ, ಒತ್ತು ಎಲ್ಲ ಸೇರಿ 22 ಚಿಹ್ನೆಗೇ ಕತ್ತರಿ. ಸುಮ್ನೆ ಇಂಗ್ಲಿಷ್ ಸ್ಲಗ್ ಇಡಿ.

ಅಚ್ಚಗನ್ನಡಿಗ:
ಕತ್ತರಿ ಬೀಳುವುದು ನಿಜ. ಅದಕ್ಕೆ ಇಂಗ್ಲಿಷ್ ಯಾಕೆ? "ಕುಂಡದ-ಕರಿಬೇವು" ಅಂತ ಚಿಕ್ಕದಾಗಿ ಇಟ್ಟರೆ ಆಯಿತು. ಕನ್ನಡ ವಿಳಾಸ ಗೂಗಲ್‌ಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಸ್ಲಗ್_ಸೀನ:
ವಾಟ್ಸಾಪ್‌ಗೆ ಅಂಟಿಸಿ ನೋಡಿ ಸ್ವಾಮಿ, ಪರ್ಸೆಂಟ್ ಚಿಹ್ನೆಗಳ ಜಾತ್ರೆ.

ಕೈತೋಟದ_ಕಿಟ್ಟಿ:
ಸ್ಲಗ್ ಜಗಳ ಬೇರೆ ಕಡೆ ಆಡಿ, ದಯವಿಟ್ಟು. ಕ್ಯಾನೊನಿಕಲ್ ನೋಡಿದೆ, ಬಾಲವಿಲ್ಲದ ವಿಳಾಸವೇ ಇದೆ. ಆದರೆ ಸರ್ಚ್ ಕನ್ಸೋಲಿನಲ್ಲಿ ನಾನು ಹೇಳಿದ ಕ್ಯಾನೊನಿಕಲ್ ಒಂದು, ಗೂಗಲ್ ಆರಿಸಿದ್ದು ಇನ್ನೊಂದು. ಅದು ಆರಿಸಿರುವುದು ಬಾಲ ಇರುವುದನ್ನೇ!

ಲಾಗ್‌ಪ್ರಿಯ:
ಹಾಗಾದರೆ ಬಾಲದ ವಿಳಾಸವನ್ನು ಯಾರೋ ಜೋರಾಗಿ ತೋರಿಸುತ್ತಿದ್ದಾರೆ. ಯುಟಿಎಂ ಎಲ್ಲೆಲ್ಲಿ ಹಾಕಿದ್ದೀರಿ?

ಕೈತೋಟದ_ಕಿಟ್ಟಿ:
ಎಲ್ಲರ ಹಾಗೆಯೇ. ವಾಟ್ಸಾಪ್, ಫೇಸ್‌ಬುಕ್, ಆಮೇಲೆ ಸೈಟಿನ ಮೆನು, "ಇದನ್ನೂ ಓದಿ" ಪೆಟ್ಟಿಗೆ. ಯಾವುದಕ್ಕೆ ಕ್ಲಿಕ್ ಜಾಸ್ತಿ ಅಂತ ಗೊತ್ತಾಗಬೇಕಲ್ವಾ?

ಲಾಗ್‌ಪ್ರಿಯ:
ಅಯ್ಯೋ ಮಾರಾಯ್ರೆ, ಇದು ಮೊದಲೇ ಗೊತ್ತಾಗಿದ್ದರೆ ಭಟ್ರ ಬಜೆಟ್ ಮಂಡನೆ ತಪ್ಪುತ್ತಿತ್ತು! ಕ್ಯಾನೊನಿಕಲ್ ಅನ್ನುವುದು ಸೂಚನೆ ಮಾತ್ರ, ಆಜ್ಞೆ ಅಲ್ಲ. ಸೈಟಿನ ಒಳಗಿನ ಲಿಂಕು, ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ) ಎಲ್ಲವನ್ನೂ ಗೂಗಲ್ ನೋಡುತ್ತದೆ. ಟ್ಯಾಗಿನಲ್ಲಿ ಒಂದು ವಿಳಾಸ, ಮೆನುವಿನಲ್ಲಿ ಇನ್ನೊಂದು ಇದ್ದರೆ ಅದು ಯಾವುದನ್ನು ನಂಬಬೇಕು? ಹೊರಗೆ ಹಂಚುವ ಲಿಂಕಿಗೆ ಯುಟಿಎಂ ಇರಲಿ. ಒಳಗಿನದಕ್ಕೆಲ್ಲ ತೆಗೆಯಿರಿ. ಒಳಗೆ ಯುಟಿಎಂ ಇದ್ದರೆ ಅನಲಿಟಿಕ್ಸೂ (ಭೇಟಿಗಳ ಲೆಕ್ಕ) ಕೆಡುತ್ತದೆ. ಗೂಗಲ್‌ನಿಂದ ಬಂದವರು ಮೆನು ಒತ್ತಿದ ಮೇಲಿನ ಲೆಕ್ಕ "ಮೆನು"ವಿನ ಹೆಸರಿಗೆ ಹೋಗುತ್ತದೆ. ಕ್ಲಿಕ್ ಎಣಿಸಬೇಕಾದರೆ ಈವೆಂಟ್ ಟ್ರ್ಯಾಕಿಂಗ್ ಹಾಕಿ. ಮೂರನೇ ಪುಟಕ್ಕೆ ಬಿದ್ದದ್ದು ಪೂರ್ತಿ ಇದರಿಂದಲೇ ಅಂತ ಮಾತ್ರ ನಾನು ಹೇಳಲಾರೆ. ಬೇರೆಯವರು ಒಳ್ಳೆಯ ಲೇಖನ ಬರೆದಿರಲೂಬಹುದು.

ಪೈ_ಮಾಮ:
ಕ್ಯಾಶ್ (ತಯಾರಾದ ಪುಟದ ಪ್ರತಿ ಕೂಡಿಡುವ ವ್ಯವಸ್ಥೆ) ವಿಷಯ ಯಾರೂ ಎತ್ತಲಿಲ್ಲ. ಬಾಲ ಬದಲಾದರೆ ಎಷ್ಟೋ ಕ್ಯಾಶ್‌ಗಳಿಗೆ ಅದು ಹೊಸ ಪುಟ, ಸರ್ವರ್ ಪ್ರತಿ ಸಲ ಹೊಸದಾಗಿ ಬೇಯಿಸಬೇಕು. ನಾನು ವಾರ್ನಿಶ್ ಅನ್ನುವ ಕ್ಯಾಶ್ ಸಾಫ್ಟ್‌ವೇರಿನಲ್ಲೇ ಯುಟಿಎಂ, ಫೇಸ್‌ಬುಕ್‌ನ ಎಫ್‌ಬಿಕ್ಲಿಡ್, ಗೂಗಲ್ ಜಾಹೀರಾತಿನ ಜಿಕ್ಲಿಡ್ ಬಾಲ ಎಲ್ಲ ಕಳಚುತ್ತೇನೆ. ಅನಲಿಟಿಕ್ಸ್ ಬ್ರೌಸರಿನ ವಿಳಾಸ ಓದುವುದರಿಂದ ಅದಕ್ಕೇನೂ ಆಗುವುದಿಲ್ಲ. ಇದೆಲ್ಲ ಮನೆಯ ಅಟ್ಟದ ಮೇಲಿರುವ ರ್ಯಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನಲ್ಲಿ! ಯುಪಿಎಸ್ ಬೇರೆ ಇದೆ. ಕರೆಂಟ್ ಹೋದರೂ ಸೈಟ್ ಹೋಗಲ್ಲ. ಫೋಟೋ ಹಾಕಲಾ?

ಅಚ್ಚಗನ್ನಡಿಗ:
ಹಾಕಿ, ಹಾಕಿ. ಯಾವ ಮಾಡೆಲ್?

ಅಂಗಡಿ_ಆನ್‌ಲೈನ್:
ನಡುವೆ ಬಂದಿದ್ದಕ್ಕೆ ಬೇಜಾರಿಲ್ಲ ತಾನೆ? ನಾನು ಯಾವ ಬಾಲವನ್ನೂ ಹಾಕಿಲ್ಲ. ಆದರೂ ನನ್ನ ಸೀರೆ ಅಂಗಡಿಯ ಪುಟ ಹುಡುಕಾಟದಲ್ಲಿ "ಎಸ್‌ಆರ್‌ಎಸ್‌ಎಲ್‌ಟಿಐಡಿ" ಅಂತ ಅಂಟಿಸಿಕೊಂಡು ಬರುತ್ತಿದೆ.

ಲಾಗ್‌ಪ್ರಿಯ:
ಅದು ಗೂಗಲ್‌ನ ಮರ್ಚೆಂಟ್ ಸೆಂಟರ್ (ಅಂಗಡಿಯವರು ಸರಕಿನ ಪಟ್ಟಿ ಕೊಡುವ ಜಾಗ) ತಾನಾಗಿಯೇ ಬಾಲ ಅಂಟಿಸುವ ಆಟೋ ಟ್ಯಾಗಿಂಗ್. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಹೆಚ್ಚಿಗೆ ಬೇಕಾದರೆ ಬೇರೆ ಚರ್ಚೆ ತೆರೆಯಿರಿ.

ಕೈತೋಟದ_ಕಿಟ್ಟಿ:
ಮೆನುವಿನದು ತೆಗೆದೆ. "ಇದನ್ನೂ ಓದಿ" ಪೆಟ್ಟಿಗೆಗೆ ಪ್ಲಗಿನ್ನೇ ಬಾಲ ಸೇರಿಸುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಎಲ್ಲೂ ಆಫ್ ಬಟನ್ ಇಲ್ಲ. ವರ್ಡ್‌ಪ್ರೆಸ್ ಥೀಮಿನ ಫಂಕ್ಷನ್ಸ್ ಫೈಲಿನಲ್ಲಿ ಒಂದು ಫಿಲ್ಟರ್ (ಸಣ್ಣ ಕೋಡ್) ಬರೆದು ಕಳಚಬಹುದಾ? ಕೋಡ್ ಗೊತ್ತಿರುವವರು ಹೇಳಿ.

ಪೈ_ಮಾಮ:
ಪೈ 4, 8 ಜಿಬಿ. ಫೋಟೋ ಸಂಜೆ ಹಾಕುತ್ತೇನೆ.

ಕ್ರಾಲ್_ಭಟ್ರು:
ಲಾಗ್ ಫೈಲ್ ಇನ್ನೂ ಬಂದಿಲ್ಲ.