ಅಪ್‌ಡೇಟ್: ಜಮೈಕಾದ ಗೆಣಸಿನ ಪುಡಿಂಗ್ ಕೊನೆಗೂ ಹದಕ್ಕೆ ಬಂತು

ಜಮೈಕಾ ಶೈಲಿಯ ಗೆಣಸಿನ ಪುಡಿಂಗ್ ಮಾಡಿದಾಗಲೆಲ್ಲ ಮೇಲ್ಭಾಗ ಒಣಗಿ ಬಿರಿಯುತ್ತದೆ, ನಡುಭಾಗ ಹಸಿಯಾಗಿಯೇ ಉಳಿಯುತ್ತದೆ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದವರ ಸಲಹೆಯಂತೆ, ಗೆಣಸನ್ನು ಬೇಯಿಸಿ ಹಿಸುಕುವುದನ್ನು ಬಿಟ್ಟು, ಬಿಳಿ ತಿರುಳಿನ 1 ಕಿಲೋ ಗೆಣಸನ್ನು ಹಸಿಯಾಗಿಯೇ ಸಣ್ಣಗೆ ತುರಿದು, ತೆಂಗಿನ ಹಾಲು, ಕಂದು ಸಕ್ಕರೆ, ಸ್ವಲ್ಪ ಮೈದಾ, ಶುಂಠಿ, ಜಾಯಿಕಾಯಿ ಹಾಗೂ ಒಣದ್ರಾಕ್ಷಿಯೊಂದಿಗೆ ಕಲಸಿ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಲು ಇಟ್ಟೆ.

ಮುಕ್ಕಾಲು ಗಂಟೆಯ ಬಳಿಕ, ಮೇಲ್ಮೈ ಗಟ್ಟಿಯಾಗತೊಡಗಿದಾಗ, ಸಕ್ಕರೆ ಕದಡಿದ ಅರ್ಧ ಲೋಟ ಗಟ್ಟಿ ತೆಂಗಿನ ಹಾಲನ್ನು ಅದರ ಮೇಲೆ ಸುರಿದು ಮತ್ತೆ ಅಷ್ಟೇ ಹೊತ್ತು ಬೇಯಿಸಿದೆ. ಅಂಚಿನಲ್ಲಿ ಗುಳುಗುಳು ಕುದಿದ ಹಾಲು ನಿಧಾನವಾಗಿ ಇಂಗುತ್ತಾ, ಗಿಣ್ಣಿನಂತೆ ಅಲುಗುವ ತೆಳುಪದರವಾಗಿ ನಿಂತಿತು. ಈ ಪದರವಿಲ್ಲದೆ ಇನ್ನೆಂದೂ ಮಾಡಲಾರೆ.

ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುವ ಹಳೆಯ ಪದ್ಧತಿಯನ್ನು ಕುರಿತು ‘ಮೇಲೆ ನರಕ, ಕೆಳಗೆ ನರಕ, ನಡುವೆ ಹಲ್ಲೆಲೂಯ (ದೇವರಿಗೆ ಸ್ತೋತ್ರ)’ ಎಂಬ ಒಗಟು ಜಮೈಕಾದಲ್ಲಿದೆ. ಅದನ್ನು ಓದಿದ ಮೇಲೆಯೇ ನನ್ನ ಓವನ್‌ನಲ್ಲಿ ಇಷ್ಟು ದಿನ ಮೇಲಿನ ಕಾಯಿಲ್ ಮಾತ್ರ ಉರಿಯುತ್ತಿತ್ತೆಂಬುದು (ನಾಚಿಕೆಯ ಸಂಗತಿ) ಗಮನಕ್ಕೆ ಬಂದದ್ದು.

ಬಿಸಿಯಲ್ಲೇ ಕೊಯ್ದ ಮೊದಲ ತುಂಡು ಕುಸಿದುಬಿತ್ತು. ರಾತ್ರಿಯಿಡೀ ಆರಿದ ಮೇಲೆ ಉಳಿದದ್ದು ಅಚ್ಚುಕಟ್ಟಾಗಿ ಕತ್ತರಿಸಲು ಬಂತು.