ಯೌವನಸ್ಥರ ಕೂಟದಲ್ಲಿ ಯೇಸುವಿನ ಸೀರಿಯಲ್: ತೋರಿಸಬಹುದೇ, ತೋರಿಸಿದರೆ ಹೇಗೆ?

ಹಾಸನ_ಕೂಟ ಕೇಳಿದ್ದು:

ಎಲ್ಲರಿಗೂ ವಂದನೆ. ನಮ್ಮದು ಹಳೇ ಕಟ್ಟುಪಾಡಿನ ಸಭೆ. ದೇವರ ವಾಕ್ಯಕ್ಕೆ ಏನನ್ನೂ ಕೂಡಿಸಬಾರದು, ಕಳೆಯಬಾರದು ಎನ್ನುವುದರಲ್ಲಿ ರಾಜಿ ಇಲ್ಲ. ಈಗ ಯೌವನಸ್ಥರು ಶನಿವಾರದ ಕೂಟದಲ್ಲಿ ಯೇಸುವಿನ ಬದುಕಿನ ಮೇಲೆ ಮಾಡಿದ 'ದಿ ಚೋಸೆನ್' ಸರಣಿ ತೋರಿಸಿ ಎಂದು ಹಟ ಹಿಡಿದಿದ್ದಾರೆ. ಸುಮಾರು 25 ಮಂದಿ, ವಯಸ್ಸು 13ರಿಂದ 22. ಸಿಗುವ ಸಮಯ ಒಂದೂವರೆ ಗಂಟೆ. ಹಿರಿಯರು ಒಪ್ಪುತ್ತಿಲ್ಲ: ಅದರಲ್ಲಿ ಸುವಾರ್ತೆಯಲ್ಲಿ ಇಲ್ಲದ್ದು ಬೇಕಾದಷ್ಟಿದೆ, ಮನುಷ್ಯನೊಬ್ಬ ಕರ್ತನ ವೇಷ ಹಾಕುವುದೇ ತಪ್ಪು, ಇವತ್ತು ಇದಕ್ಕೆ ಬಾಗಿಲು ತೆಗೆದರೆ ನಾಳೆ ಏನೇನು ಬರುತ್ತದೋ ಅಂತ. ಹುಡುಗರ ಮಾತು ಇನ್ನೊಂದು: ಹೇಗೂ ಮೊಬೈಲಿನಲ್ಲಿ ನೋಡುತ್ತಿದ್ದೇವಲ್ಲ.

ಒಳ್ಳೆಯದು, ಕೆಟ್ಟದು ಎನ್ನುವ ಒಂದು ಮಾತಿನ ತೀರ್ಪು ಬೇಡ. ಪರೀಕ್ಷಿಸುವುದು ಹೇಗೆ, ಎಲ್ಲಿ ಎಡವುತ್ತೇವೆ ಎಂದು ಬಲ್ಲವರು ಹೇಳಿ.

ಬೆರೋಯದವ:

ಮೊದಲಿಗೆ, ಸರಣಿಯವರೇ ಮೊದಲ ಕಂತಿನ ಆರಂಭದಲ್ಲಿ ಒಂದು ಸೂಚನೆ ಹಾಕಿದ್ದಾರೆ: ಸ್ಥಳ, ಕಾಲಗಳನ್ನು ಕೂಡಿಸಿದ್ದೇವೆ, ಹಿನ್ನೆಲೆ ಕಥೆ, ಕೆಲವು ಪಾತ್ರ, ಮಾತು ಸೇರಿಸಿದ್ದೇವೆ, ಸುವಾರ್ತೆಗಳನ್ನು ಓದಿ ಎಂದು. ಹಾಗಾಗಿ "ಸೇರಿಸಿದ್ದಾರೆ" ಎಂದು ಕಂಡುಹಿಡಿಯುವುದು ದೊಡ್ಡ ಕೆಲಸವಲ್ಲ. ಸೇರಿಸಿದ್ದು ಯಾವ ಜಾತಿಯದು, ಅದರಿಂದ ವಾಕ್ಯದ ತೂಕ ಎತ್ತ ಜರುಗಿತು ಎಂದು ನೋಡುವುದೇ ಕೆಲಸ.

ದೃಶ್ಯಕ್ಕೆ ಸಂಬಂಧಿಸಿದ ವಾಕ್ಯಭಾಗವನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಒಬ್ಬೊಬ್ಬರಿಗೂ ಕೊಡಿ. ಬಲಗಡೆ ಅರ್ಧ ಪುಟ ಖಾಲಿ ಬಿಡಿ. ದೃಶ್ಯದಲ್ಲಿ ಬಂದ ವಾಕ್ಯಕ್ಕೆ ಅಡಿಗೆರೆ. ವಾಕ್ಯದಲ್ಲಿ ಇಲ್ಲದಿದ್ದರೂ ಆ ಕಾಲದಲ್ಲಿ ಸಹಜವಾಗಿದ್ದ ಸಂಗತಿ, ಅಂದರೆ ದೀಪ, ರೊಟ್ಟಿ, ಬಲೆ ತೊಳೆಯುವುದು ಇಂಥವನ್ನು ಬಲಗಡೆ ಸುಮ್ಮನೆ ಬರೆದುಕೊಳ್ಳಿ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೊಸ ಪಾತ್ರ, ಹೊಸ ಕಾರಣ ಬಂದರೆ ಪ್ರಶ್ನೆ ಗುರುತು. ವಾಕ್ಯಕ್ಕೆ ಎದುರಾದದ್ದಿದ್ದರೆ ಕೆಂಪು. ಕೆಂಪು ಸಿಗುವುದು ಬಹಳ ಕಡಿಮೆ, ಚರ್ಚೆಯೆಲ್ಲ ಪ್ರಶ್ನೆ ಗುರುತಿನ ಸುತ್ತಲೇ ನಡೆಯುತ್ತದೆ.

ಒಂದು ಉದಾಹರಣೆ. ಲೂಕ 5ರಲ್ಲಿ ಮೀನಿನ ರಾಶಿ ಕಂಡ ಬೆಸ್ತ ಸೀಮೋನ (ಮುಂದೆ ಪೇತ್ರ) ಯೇಸುವಿನ ಮೊಣಕಾಲಿಗೆ ಬಿದ್ದು, ನನ್ನನ್ನು ಬಿಟ್ಟುಹೋಗು, ನಾನು ಪಾಪಿ ಎನ್ನುತ್ತಾನೆ. ಸರಣಿಯಲ್ಲೂ ಆ ಮಾತಿದೆ. ಆದರೆ ಅದಕ್ಕೂ ಮುಂಚಿನ ಕಂತುಗಳಲ್ಲಿ ಸೀಮೋನನಿಗೆ ರೋಮಿನ ತೆರಿಗೆ ಸಾಲ ಕಟ್ಟಿದ್ದಾರೆ, ಕೆಲಸ ಮಾಡಬಾರದ ಸಬ್ಬತ್ ದಿನ ಮೀನು ಹಿಡಿಯಲು ಹೋಗುವಂತೆ ಮಾಡಿದ್ದಾರೆ. ಹಾಗಾಗಿ ಬಲೆ ತುಂಬಿದಾಗ ನೋಡುವವನ ಎದೆಯಲ್ಲಿ ಮೊದಲು ಏಳುವುದು "ಸದ್ಯ, ಸಾಲ ತೀರಿತು" ಎಂಬ ನಿಟ್ಟುಸಿರು. ಲೂಕನಲ್ಲಿ ಸಾಲದ ಸುದ್ದಿಯೇ ಇಲ್ಲ, ಪರಿಶುದ್ಧನ ಎದುರು ನಿಂತವನ ಭಯ ಇದೆ. ಮಾತು ಹಾಗೇ ಉಳಿದಿದೆ, ತೂಕ ಜರುಗಿದೆ. ನನ್ನ ಲೆಕ್ಕದಲ್ಲಿ ಕೆಟ್ಟ ಮಾತು, ತುಂಡುಡುಗೆ ಎಣಿಸುವುದಕ್ಕಿಂತ ಹುಡುಗರಿಗೆ ಇದನ್ನು ಹಿಡಿಯಲು ಕಲಿಸುವುದೇ ಹೆಚ್ಚು ಮುಖ್ಯ.

ಹೀಗೆ ಹಿಡಿಯಬೇಕಾದವು ಇನ್ನೂ ಇವೆ. ಸರಣಿಯ ಎರಡನೇ ಭಾಗದಲ್ಲಿ (ಸೀಸನ್) ಯೇಸುವಿನ ಹಿಂಬಾಲಕಿ ಮಗ್ದಲದ ಮರಿಯಳು ಹಳೇ ಬದುಕಿಗೆ ಜಾರುವ ಕಥೆ ಪೂರ್ತಿ ಕಲ್ಪನೆ. ಅದೇ ಭಾಗದ ಕೊನೆಯಲ್ಲಿ ಯೇಸು ಪರ್ವತ ಪ್ರಸಂಗವನ್ನು ಶಿಷ್ಯ ಮತ್ತಾಯನ ಜೊತೆ ಕೂತು ತಯಾರಿ ಮಾಡುತ್ತಾನೆ. ಇಲ್ಲಿ ಹಿರಿಯರ ಸಿಟ್ಟಿಗೆ ಅರ್ಥವಿದೆ. ಏಕೆಂದರೆ ಮತ್ತಾಯ 7:29 ಅವನು ಅಧಿಕಾರವಿದ್ದವನ ಹಾಗೆ ಬೋಧಿಸಿದ ಎನ್ನುತ್ತದೆ, ಕರಡು ತಿದ್ದಿದವನ ಹಾಗೆ ಅಲ್ಲ. ಮೂರನೇ ಭಾಗದಲ್ಲಿ ನಜರೇತಿನ ಸಭಾಮಂದಿರದಲ್ಲಿ "ನಾನೇ ಮೋಶೆಯ ಧರ್ಮಶಾಸ್ತ್ರ" ಎಂಬ ಮಾತು ಬಂದಾಗ ಅದು ಮಾರ್ಮನ್ ಪಂಥದವರ ಧರ್ಮಗ್ರಂಥದಿಂದ ಬಂದದ್ದೆಂದು ಅಮೆರಿಕದಲ್ಲಿ ದೊಡ್ಡ ಗಲಾಟೆಯಾಯಿತು. ನಿರ್ದೇಶಕರು ಅಲ್ಲಗಳೆದರು. ಮೂಲ ಎಲ್ಲಿಯದೇ ಆಗಲಿ, ಆ ಘಟನೆ ಇರುವ ಲೂಕ 4ರಲ್ಲಿ ಆ ಮಾತು ಇಲ್ಲ. ಹುಡುಗರಿಗೆ ಅಷ್ಟು ತೋರಿಸಿದರೆ ಸಾಕು, ಗಲಾಟೆಯ ಕಥೆ ಬೇಡ.

ಕೂಟದ ಕ್ರಮ: ಮೊದಲು ಓದು, 15 ನಿಮಿಷ, ಗಟ್ಟಿಯಾಗಿ. ಆಮೇಲೆ ಹತ್ತು ಹನ್ನೆರಡು ನಿಮಿಷದ ಒಂದೇ ದೃಶ್ಯ. ಮತ್ತೆ ಅದೇ ಭಾಗ ಓದು. ಉಳಿದ ಸಮಯ ಗುರುತುಗಳ ಚರ್ಚೆ. ಇಡೀ ಕಂತು ತೋರಿಸಿದರೆ ಒಂದು ಗಂಟೆ ಅದಕ್ಕೇ ಹೋಗಿ, ಕೊನೆಗೆ "ಸಂಗೀತ ಚೆನ್ನಾಗಿತ್ತು" ಎಂಬಲ್ಲಿಗೆ ನಿಲ್ಲುತ್ತದೆ. ಮೊದಲು ದೃಶ್ಯ ತೋರಿಸಿ ಆಮೇಲೆ ಓದಿಸಿದರೆ ಇನ್ನೂ ಕಷ್ಟ: ಕಿವಿಗೆ ವಾಕ್ಯ ಬೀಳುತ್ತದೆ, ಕಣ್ಣಿಗೆ ನಟನ ಮುಖವೇ ಬರುತ್ತದೆ.

ಎರಡನೇ_ಆಜ್ಞೆ:

ಮೇಲಿನ ಸಹೋದರರ ಕ್ರಮ ಚೆನ್ನಾಗಿದೆ. ಆದರೆ ಹಿರಿಯರ ಎರಡನೇ ಆಕ್ಷೇಪವನ್ನು ಅವರು ಮುಟ್ಟಲೇ ಇಲ್ಲ. ಅದು ಅಜ್ಜಂದಿರ ಗೊಣಗಾಟವಲ್ಲ, ಹಳೆಯ, ತೂಕದ ವಾದ.

ವಿಗ್ರಹ, ರೂಪ ಮಾಡಿಕೊಳ್ಳಬಾರದೆನ್ನುವ ವಿಮೋಚನಕಾಂಡ 20:4ನ್ನು ಸುಧಾರಣಾ ಪಂಗಡದವರು (ಕ್ಯಾಲ್ವಿನ್ ಮಾರ್ಗದ ಪ್ರಾಟೆಸ್ಟೆಂಟರು) ಓದುವ ರೀತಿಯಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೇಕ ದೇವರ ಯಾವ ವ್ಯಕ್ತಿಯ ಚಿತ್ರವನ್ನೂ ಮಾಡಬಾರದು. 17ನೇ ಶತಮಾನದ ವೆಸ್ಟ್‌ಮಿನ್‌ಸ್ಟರ್ ದೊಡ್ಡ ಪ್ರಶ್ನೋತ್ತರದ (ನಂಬಿಕೆಯನ್ನು ಪ್ರಶ್ನೆ, ಉತ್ತರವಾಗಿ ಕಲಿಸುವ ಪುಸ್ತಕ) 109ನೇ ಉತ್ತರ ಹೊರಗಿನ ಚಿತ್ರವನ್ನಷ್ಟೇ ಅಲ್ಲ, ಮನಸ್ಸಿನೊಳಗೆ ಕಲ್ಪಿಸಿಕೊಳ್ಳುವುದನ್ನೂ ಬೇಡವೆನ್ನುತ್ತದೆ. 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರ ಇನ್ನೂ ನೇರ: ಓದುಬರಹ ತಿಳಿಯದವರಿಗೆ ಚಿತ್ರವೇ ಪುಸ್ತಕವಾಗಲಿ ಎಂಬ ವಾದಕ್ಕೆ 98ನೇ ಉತ್ತರ, ನಾವು ದೇವರಿಗಿಂತ ಬುದ್ಧಿವಂತರಾಗಬಾರದು, ಆತನ ಜನ ಕಲಿಯಬೇಕಾದದ್ದು ಮೂಕ ವಿಗ್ರಹಗಳಿಂದಲ್ಲ, ವಾಕ್ಯದ ಸಾರುವಿಕೆಯಿಂದ ಎಂಬ ಅರ್ಥದ್ದು. ವಿಗ್ರಹದ ಜಾಗದಲ್ಲಿ ಸ್ಕ್ರೀನ್ ಇಟ್ಟು ಓದಿ ನೋಡಿ.

ಸಿನಿಮಾ ಹುಟ್ಟಿದಾಗಲೇ ಈ ಅಂಜಿಕೆ ಇತ್ತು. 1912ರಲ್ಲಿ ಶುರುವಾದ ಬ್ರಿಟನ್ನಿನ ಸೆನ್ಸಾರ್ ಮಂಡಳಿಗೆ ಮೊದಲಿದ್ದ ಗಟ್ಟಿ ನಿಯಮ ಎರಡೇ: ನಗ್ನತೆ ಬೇಡ, ಕ್ರಿಸ್ತನ ಪಾತ್ರ ಪರದೆಯ ಮೇಲೆ ಬೇಡ. 1959ರ 'ಬೆನ್ ಹರ್' ಸಿನಿಮಾದಲ್ಲೂ ಯೇಸುವಿನ ಮುಖ ಒಮ್ಮೆಯೂ ಕಾಣುವುದಿಲ್ಲ. ಬೆನ್ನು, ಕೈ, ಎದುರಿಗಿದ್ದವನ ಮುಖದ ಬದಲಾವಣೆ, ಅಷ್ಟೇ.

ಎದುರು ವಾದವೂ ಸುಮ್ಮನೆ ಬಂದದ್ದಲ್ಲ. ವಾಕ್ಯವು ಶರೀರಧಾರಿಯಾಗಿ ಬಂದಮೇಲೆ ಆ ಶರೀರವನ್ನು ಚಿತ್ರಿಸಬಹುದು ಎಂದು 8ನೇ ಶತಮಾನದ ದೇವಶಾಸ್ತ್ರಿ ದಮಸ್ಕದ ಯೋಹಾನ ವಾದಿಸಿದ, ಬಿಷಪರು ಸೇರಿದ 787ರ ಎರಡನೇ ನಿಕೇಯ ಸಮ್ಮೇಳನ ಪವಿತ್ರ ಚಿತ್ರಗಳನ್ನು ಎತ್ತಿಹಿಡಿಯಿತು. ಸುಧಾರಣೆಯ ಮುಂದಾಳು ಲೂಥರನೂ ಚಿತ್ರಗಳನ್ನು ಒಡೆಯುವವರ ಜೊತೆ ನಿಲ್ಲಲಿಲ್ಲ. ಆದ್ದರಿಂದ ಮೊದಲು ನಿಮ್ಮ ಸಭೆ ಯಾವ ಕಡೆಯದು ಎಂದು ಹಿರಿಯರನ್ನೇ ಕೇಳಿ. ಭಾನುವಾರ ಶಾಲೆಯ ಗೋಡೆಯ ಮೇಲೆ ನೀಲಿ ಕಣ್ಣಿನ ಯೇಸುವಿನ ಕ್ಯಾಲೆಂಡರ್ ನೇತಾಡುತ್ತಿದ್ದರೆ, ಸೀರಿಯಲ್ಲಿಗೆ ಮಾತ್ರ ಈ ಆಜ್ಞೆ ಹೇಳುವುದು ನಿಲ್ಲುವುದಿಲ್ಲ. ಕ್ಯಾಲೆಂಡರೂ ಇಲ್ಲದ ಸಭೆಯಾದರೆ, ಅವರ ಮನಸ್ಸಾಕ್ಷಿಯ ಮೇಲೆ ಹೇರಬೇಡಿ. ರೋಮ 14 ಇರುವುದು ಇಂಥದ್ದಕ್ಕೇ.

ತೋರಿಸಲೇಬೇಕೆಂದರೆ ಯೇಸುವಿನ ಪಾತ್ರವಿಲ್ಲದ, ಶಿಷ್ಯರದ್ದೋ ಫರಿಸಾಯರದ್ದೋ (ಕಟ್ಟುನಿಟ್ಟಿನ ಯೆಹೂದಿ ಪಂಗಡದವರು) ದೃಶ್ಯ ಆರಿಸಿ. ಸರಣಿಯಲ್ಲಿ ಅಂಥವು ಧಾರಾಳ ಇವೆ.

ಪರದೆ_ಮೈಕು:

ದೇವಶಾಸ್ತ್ರ ಬಲ್ಲವರು ಹೇಳಿದ್ದಾರೆ, ನಾನು ಕಾನೂನು, ವಯರಿನ ವಿಷಯ ಹೇಳುತ್ತೇನೆ.

"ಚರ್ಚಿನಲ್ಲಿ ತೋರಿಸಿದರೆ ಕಾಪಿರೈಟ್ ಇಲ್ಲ" ಎನ್ನುವುದು ತಪ್ಪು ನಂಬಿಕೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಝಡ್‌ಎ) ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಕೊಡುವುದು ಸಾಹಿತ್ಯ, ನಾಟಕ, ಸಂಗೀತ ಕೃತಿ ಮತ್ತು ಧ್ವನಿಮುದ್ರಣಕ್ಕೆ. ಸಿನಿಮಾ ಆ ಸಾಲಿನಲ್ಲಿ ಇಲ್ಲ. ಆರಾಧನೆಯಲ್ಲಿ ಹಾಡು ಹಾಡುವುದು ಬೇರೆ, ಹಾಲಿನಲ್ಲಿ ಚಿತ್ರ ಓಡಿಸುವುದು ಬೇರೆ. ಒಬ್ಬರ ಮನೆಯ ಓಟಿಟಿ ಚಂದಾ ಮನೆ ಮಟ್ಟಿಗೆ ಮಾತ್ರ. ಸರಣಿಯ ಆಪ್‌ನಲ್ಲಿ ಪುಕ್ಕಟೆ ಸಿಗುತ್ತದೆ ಅಂದಮಾತ್ರಕ್ಕೆ ಸಭೆ ಸೇರಿಸಿ ತೋರಿಸಬಹುದು ಅಂತಲೂ ಅಲ್ಲ. ತಯಾರಕರ ತಾಣದಲ್ಲಿ ಗುಂಪು ಪ್ರದರ್ಶನದ ಷರತ್ತು ಓದಿ, ಸ್ಪಷ್ಟವಿಲ್ಲದಿದ್ದರೆ ಇಮೇಲ್ ಬರೆದು ಒಪ್ಪಿಗೆ ಪಡೆದು ಅಚ್ಚು ಹಾಕಿ ಕಡತದಲ್ಲಿಡಿ. "ಕದಿಯಬಾರದು" ಎಂದು ಕಲಿಸುವ ಕೊಠಡಿಯಲ್ಲಿ ಟೆಲಿಗ್ರಾಂನಿಂದ ಇಳಿಸಿದ ಫೈಲ್ ಹಾಕುವವರೂ ಇದ್ದಾರೆ, ಅದಕ್ಕೇ ಇಷ್ಟು ಉದ್ದ ಬರೆದೆ.

ತೋರಿಸುವ ದೃಶ್ಯದ ಆರಂಭ, ಅಂತ್ಯದ ನಿಮಿಷ, ಸೆಕೆಂಡ್ ಮೊದಲೇ ಬರೆದಿಡಿ. ನೆಟ್ ನಂಬಬೇಡಿ, ಆಪ್‌ನಲ್ಲಿ ಆಫ್‌ಲೈನ್ ಸೌಲಭ್ಯವಿದ್ದರೆ ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ. ಸಬ್‌ಟೈಟಲ್ ಇಂಗ್ಲಿಷ್ ಆದರೆ ಹದಿಮೂರರ ಮಕ್ಕಳು ಓದಿ ಮುಗಿಸುವಷ್ಟರಲ್ಲಿ ಸಾಲು ಹೋಗಿರುತ್ತದೆ. ಒಬ್ಬರು ಕನ್ನಡದಲ್ಲಿ ಹೇಳುವುದಾದರೆ ಮೂರ್ನಾಲ್ಕು ಕಡೆ ನಿಲ್ಲಿಸಲು ಗುರುತು ಹಾಕಿಕೊಳ್ಳಿ, ಚಿತ್ರದ ಮೇಲೆಯೇ ಮಾತಾಡಿದರೆ ಎರಡೂ ಕೇಳುವುದಿಲ್ಲ. ಹಳೇ ಚರ್ಚ್ ಹಾಲುಗಳಲ್ಲಿ ಪ್ರತಿಧ್ವನಿ ಜಾಸ್ತಿ. ಸ್ಪೀಕರನ್ನು ಕುಳಿತವರ ಕಿವಿಯ ಎತ್ತರಕ್ಕೆ, ಹತ್ತಿರ ಇಟ್ಟು ಸದ್ದು ಕಡಿಮೆ ಮಾಡಿ.

ಹಾಸನ_ಕೂಟ:

ಬಹಳ ಉಪಕಾರ. ಗೋಡೆಯ ಮೇಲೆ ಕ್ಯಾಲೆಂಡರ್ ಇದೆ, ನೀಲಿ ಕಣ್ಣೇ! ಇನ್ನೊಂದು ಪ್ರಶ್ನೆ: ಸಾಮಾನ್ಯ ಸಿನಿಮಾಗಳಲ್ಲಿ ಬರುವ "ಫಾದರ್", ದೆವ್ವ ಬಿಡಿಸುವುದು, ಕನ್ಫೆಷನ್ ಇವನ್ನೂ ಇದೇ ಕ್ರಮದಲ್ಲಿ ನೋಡಬಹುದೇ?

ಕರಾವಳಿ_ಕಥೋಲಿಕ:

ಖಂಡಿತ, ಆದರೆ ಅಲ್ಲಿ ಪಕ್ಕದಲ್ಲಿ ಇಡಬೇಕಾದದ್ದು ವಾಕ್ಯಭಾಗವಲ್ಲ, ಸಭೆಯ ನಿಜವಾದ ಕ್ರಮ. ನಮ್ಮ ಸಿನಿಮಾಗಳಿಗೆ ಕ್ರೈಸ್ತರೆಲ್ಲ ಒಂದೇ: ಬಿಳಿ ನಿಲುವಂಗಿ, ಜಪಮಾಲೆ, ಮೇಣದಬತ್ತಿ, "ಮೈ ಸನ್". ನಿಮ್ಮ ಸಭಾಪಾಲಕರಿಗೆ ಹೆಂಡತಿ ಮಕ್ಕಳಿರುತ್ತಾರೆ, ಕನ್ಫೆಷನ್ ಪೆಟ್ಟಿಗೆ ಇರುವುದಿಲ್ಲ ಎಂಬುದು ಚಿತ್ರಕಥೆ ಬರೆಯುವವರಿಗೆ ಗೊತ್ತೇ ಇದ್ದಂತಿಲ್ಲ.

ತಪ್ಪೊಪ್ಪಿಗೆ ಕೇಳಿದ ಪಾದ್ರಿ ಪೊಲೀಸರಿಗೆ ಸುಳಿವು ಕೊಡುವ ದೃಶ್ಯ ಬಂದರೆ: ಕಥೋಲಿಕ ಧರ್ಮಸಭೆಯ ಕಾನೂನಿನ 983ನೇ ವಿಧಿ ಆ ಗುಟ್ಟನ್ನು ಯಾವ ಕಾರಣಕ್ಕೂ ಒಡೆಯಬಾರದು ಎನ್ನುತ್ತದೆ, ನೇರವಾಗಿ ಒಡೆದವನಿಗೆ ತಾನಾಗಿಯೇ ಬಹಿಷ್ಕಾರ. ದೆವ್ವ ಬಿಡಿಸುವ ದೃಶ್ಯಕ್ಕೆ 1172ನೇ ವಿಧಿ: ಬಿಷಪರ ವಿಶೇಷ ಒಪ್ಪಿಗೆ ಇಲ್ಲದೆ ಪೀಡಿತರ ಮೇಲೆ ಅದನ್ನು ಮಾಡುವಂತಿಲ್ಲ. ಸಿನಿಮಾದ ಪಾದ್ರಿ ಬೈಕಿನಿಂದ ಇಳಿದವನೇ ಶಿಲುಬೆ ಎತ್ತುತ್ತಾನೆ! ನೋಡುವವನಿಗೆ ಅಲ್ಲಿ ಕೆಲಸ ಮಾಡುವುದು ನಂಬಿಕೆಯಲ್ಲ, ಶಿಲುಬೆ ಎಂಬ ತಾಯಿತ. ಸಂಪ್ರದಾಯಸ್ಥರಾದ ನಾವೂ ನೀವೂ ಒಟ್ಟಿಗೆ ತಕರಾರು ತೆಗೆಯಬೇಕಾದ ಜಾಗ ಅದು.

ಮೇಲೆ ಮಗ್ದಲದ ಮರಿಯಳ ಮಾತು ಬಂತಲ್ಲ, ಅವಳು ವೇಶ್ಯೆ ಎಂದು ಸುವಾರ್ತೆಯಲ್ಲಿ ಎಲ್ಲೂ ಇಲ್ಲ. ಲೂಕ 8:2ರಲ್ಲಿ ಇರುವುದು ಏಳು ದೆವ್ವಗಳು ಬಿಟ್ಟುಹೋದ ಮಾತು. ಲೂಕ 7ರ ಹೆಸರಿಲ್ಲದ ಪಾಪಿ ಹೆಂಗಸಿನ ಜೊತೆ ಅವಳನ್ನು ಬೆಸೆದದ್ದು 591ರಲ್ಲಿ ಪೋಪ್ ಮೊದಲನೇ ಗ್ರೆಗರಿಯವರ ಪ್ರಸಂಗ. ತಪ್ಪು ನಮ್ಮ ಮನೆಯದೇ, ಸಿನಿಮಾದವರು ಎತ್ತಿಕೊಂಡರು. (ಅಂದಹಾಗೆ, ಚಿತ್ರದ ಆಜ್ಞೆ ನಮ್ಮ ಎಣಿಕೆಯಲ್ಲಿ ಎರಡನೆಯದಲ್ಲ, ಮೊದಲನೆಯದರ ಭಾಗ.)

ಬೆರೋಯದವ:

ಎರಡನೇ_ಆಜ್ಞೆಯವರ ಮಾತು ಒಪ್ಪಿದೆ, ಅದನ್ನು ನಾನು ಬಿಟ್ಟದ್ದು ತಪ್ಪು. ಹಿರಿಯರು ಯೇಸುವಿನ ಮುಖವಿರುವ ದೃಶ್ಯಕ್ಕೂ ಒಪ್ಪಿದರೆ ಶುರುಮಾಡಲು ಮೊದಲ ಕಂತು ಬೇಡ. ಅದರಲ್ಲಿ ದೆವ್ವ ಹಿಡಿದ ದೃಶ್ಯ, ಮರಿಯಳು ಬಂಡೆಯಿಂದ ಹಾರಲು ಹೋಗುವ ದೃಶ್ಯ ಇವೆ. ಹದಿಮೂರರವರಿಗೆ ತೋರಿಸುವ ಮುಂಚೆ ತಂದೆತಾಯಿಯರಿಗೆ ತಿಳಿಸಬೇಕಾದವು.

ಮೊದಲ ಭಾಗದ ಏಳನೇ ಕಂತಿನಲ್ಲಿ ಫರಿಸಾಯ ಮುಖಂಡ ನಿಕೊದೇಮ ರಾತ್ರಿ ಯೇಸುವಿನ ಬಳಿ ಬಂದು ಮಾತಾಡುವ ದೃಶ್ಯ ತೆಗೆದುಕೊಳ್ಳಿ. ಯೋಹಾನ 3:1-21 ಅಚ್ಚು ಹಾಕಿಸಿ. ಅಡಿಗೆರೆ ಬೇಕಾದಷ್ಟು ಬೀಳುತ್ತದೆ, ಮಾಳಿಗೆ ಬಲಗಡೆಗೆ ಹೋಗುತ್ತದೆ, ವಾಕ್ಯದಲ್ಲಿಲ್ಲದ ಮಾತಿಗೆ ಪ್ರಶ್ನೆ ಗುರುತು. ಎಂಟನೇ ಕಂತಿನಲ್ಲಿ ಅವನು ಹಿಂಬಾಲಿಸಲಾರದೆ ಮರೆಯಲ್ಲಿ ನಿಂತು ಅಳುತ್ತಾನೆ, ಅದನ್ನು ಬಾಯಲ್ಲಿ ಹೇಳಿದರೆ ಸಾಕು. ಆಮೇಲೆ ಯೋಹಾನ 7:50 ಮತ್ತು 19:39 ಓದಿಸಿ, ಸುಮಾರು 30 ಕಿಲೋ ರಕ್ತಬೋಳ ಮತ್ತು ಅಗರು ಹೊತ್ತು ಸಮಾಧಿಗೆ ಬಂದವನು ಯಾರು ಎಂದು ಕೇಳಿ. ಅಳುವ ನಿಕೊದೇಮನಿಗೆ ಕೆಂಪು ಹಾಕಬೇಕೋ ಪ್ರಶ್ನೆ ಗುರುತೋ ಎಂಬುದರಲ್ಲೇ ನಿಮ್ಮ ಉಳಿದ ಅರ್ಧ ಗಂಟೆ ಮುಗಿಯುತ್ತದೆ.