ಉಚ್ಚಾರಣೆ, ದನಿ, ಧ್ವನಿಮುದ್ರಿಕೆ: ಧ್ವನಿವಿಜ್ಞಾನಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕರು: ಮಾತಿನ ಧ್ವನಿಗಳನ್ನು ಅಧ್ಯಯನ ಮಾಡುವ ಮೇಡಂ ಇಂದು ನಮ್ಮೊಂದಿಗಿದ್ದಾರೆ. ಪ್ರಶ್ನೆಗಳು ಚಿಕ್ಕದಾಗಿರಲಿ.

ನೀಲಿಪೆನ್ಸಿಲ್: ನಮಸ್ಕಾರ ಮೇಡಂ. ನನ್ನ ಮಗನಿಗೆ ಐದು ವರ್ಷ. ‘ರ’ ಬದಲು ‘ಲ’ ಎನ್ನುತ್ತಾನೆ. ನಾಲಿಗೆ ದಪ್ಪವಿರಬಹುದೇ?

ಧ್ವನಿವಿಜ್ಞಾನಿ: ನಮಸ್ಕಾರ. ‘ರ’ ಹೊರಡಬೇಕಾದರೆ ನಾಲಿಗೆಯ ತುದಿ ಮೇಲೊಸಡನ್ನು ಕ್ಷಣಮಾತ್ರ ತಟ್ಟಿ ಹಿಂತಿರುಗಬೇಕು. ಮಕ್ಕಳಿಗೆ ತಡವಾಗಿ ಒಲಿಯುವ ಧ್ವನಿಗಳಲ್ಲಿ ಅದೂ ಒಂದು. ಮೊದಲು ಶ್ರವಣ ಪರೀಕ್ಷೆ ಮಾಡಿಸಿ, ಬಳಿಕ ವಾಕ್ ಚಿಕಿತ್ಸಕರನ್ನು ಕಾಣಿ. ನಾನು ಧ್ವನಿಗಳನ್ನು ಅಳೆಯುವವಳು, ಚಿಕಿತ್ಸೆ ಕೊಡುವವಳಲ್ಲ.

ಕಡಲಹಕ್ಕಿ: ಬಾಯಲ್ಲಿ ಬೆಣಚುಕಲ್ಲು ಇಟ್ಟು ಮಾತನಾಡಿಸಿದರೆ ಹದಿನೈದು ದಿನಗಳಲ್ಲಿ ನಾಲಿಗೆ ತಿರುಗುತ್ತದೆ ಎಂಬ ಸಂದೇಶ ಬಂದಿದೆ. ಪ್ರಾಚೀನ ಗ್ರೀಸಿನ ವಾಗ್ಮಿ ಡೆಮಾಸ್ತನೀಸ್ ಹೀಗೆಯೇ ಮಾಡಿದನಂತೆ. ಎಲ್ಲರಿಗೂ ಕಳುಹಿಸಿದ್ದೇನೆ.

ಧ್ವನಿವಿಜ್ಞಾನಿ: ಅಳಿಸಿಬಿಡಿ. ಕಲ್ಲು ಶ್ವಾಸನಾಳಕ್ಕೆ ಇಳಿದರೆ ಮಗುವಿನ ಪ್ರಾಣವೇ ಹೋಗಬಹುದು.

ಮುಂಜಾವು: ಮೇಡಂ, ನನ್ನ ತಮ್ಮನ ಕಚೇರಿಗೆ ಯಾರೋ ಬೆದರಿಕೆಯ ಧ್ವನಿಸಂದೇಶ ಕಳುಹಿಸಿದ್ದಾರೆ. ಕೆಲವೇ ಸೆಕೆಂಡುಗಳದ್ದು. ಅದು ತಮ್ಮನದೇ ದನಿ ಎಂದು ಕಚೇರಿಯವರು ಹೇಳುತ್ತಿದ್ದಾರೆ. ಒಂದು ಆ್ಯಪ್ ಶೇಕಡಾ 92 ಹೊಂದಿಕೆ ತೋರಿಸಿದೆಯಂತೆ. ಅವನು ಊಟ ಬಿಟ್ಟಿದ್ದಾನೆ. ದನಿಯೂ ಬೆರಳಚ್ಚಿನ ಹಾಗೆಯೇ?

ಧ್ವನಿವಿಜ್ಞಾನಿ: ಅಲ್ಲ, ಖಂಡಿತ ಅಲ್ಲ. ನೆಗಡಿ, ಸಿಟ್ಟು, ಆಯಾಸ, ಎದುರಿಗಿರುವವರು ಯಾರು ಎಂಬುದು, ಎಲ್ಲವೂ ಒಬ್ಬನ ದನಿಯನ್ನೇ ಬದಲಿಸುತ್ತವೆ. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಲಾರೆನ್ಸ್ ಕೆರ್ಸ್ಟಾ ಎಂಬವರು ಸ್ಪೆಕ್ಟ್ರೋಗ್ರಾಂಗಳನ್ನು, ಅಂದರೆ ಧ್ವನಿಯ ಆವರ್ತನಗಳನ್ನು ಬಿಡಿಸಿ ತೋರಿಸುವ ಚಿತ್ರಗಳನ್ನು, ಕಣ್ಣಿನಿಂದ ಹೋಲಿಸಿ ವ್ಯಕ್ತಿಯನ್ನು ಗುರುತಿಸಬಹುದು ಎಂದರು. ‘ದನಿಯಚ್ಚು’ ಎಂಬ ಕಲ್ಪನೆ ಹಬ್ಬಿದ್ದು ಅಲ್ಲಿಂದ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ನ್ಯಾಯಿಕ ಧ್ವನಿವಿಜ್ಞಾನಿಗಳ, ಅಂದರೆ ಅಪರಾಧ ತನಿಖೆಗೆ, ನ್ಯಾಯಾಲಯಕ್ಕೆ ದನಿ ಪರಿಶೀಲಿಸುವವರ, ಅಂತರರಾಷ್ಟ್ರೀಯ ಸಂಘವೇ 2007ರಲ್ಲಿ ನಿರ್ಣಯ ಮಾಡಿದೆ.

ಧ್ವನಿತಂತುಗಳ ಕಂಪನ ಗಂಟಲು, ಬಾಯಿಗಳನ್ನು ಹಾದು ಬರುವಾಗ ಕೆಲವು ಆವರ್ತನಗಳು ಬಲಗೊಳ್ಳುತ್ತವೆ. ಅವನ್ನು ಫಾರ್ಮಂಟ್ ಎನ್ನುತ್ತೇವೆ. ನಾವು ಅಳೆಯುವುದು ಅವನ್ನು, ಜೊತೆಗೆ ಸ್ವರದ ಏರಿಳಿತ, ಮಾತಿನ ವೇಗ. ಹಳೆಯ ದೂರವಾಣಿ ಜಾಲ ಸುಮಾರು 300ರಿಂದ 3400 ಹರ್ಟ್ಸ್ ಮಾತ್ರ ಸಾಗಿಸುತ್ತದೆ. ‘ಸ’ಕಾರದ ಶಕ್ತಿಯ ಹೆಚ್ಚಿನ ಪಾಲು ಅದರಾಚೆಗೇ ಉಳಿಯುತ್ತದೆ. ಸಂದೇಶದ ಆ್ಯಪ್‌ಗಳು ಕಡತವನ್ನು ಕುಗ್ಗಿಸುವಾಗಲೂ ವಿವರಗಳು ನಷ್ಟವಾಗುತ್ತವೆ.

ಆ 92ರ ಬಗ್ಗೆ ಹೀಗೆ ಕೇಳಿ: ತಮ್ಮನ ವಯಸ್ಸಿನ, ಅವನಂತೆಯೇ ಮಾತನಾಡುವ ಬೇರೆಯವರ ದನಿ ಕೊಟ್ಟರೆ ಆ ಆ್ಯಪ್ ಎಷ್ಟು ತೋರಿಸುತ್ತದೆ? ಅವರಿಗೂ 90 ಬಂದರೆ ತಮ್ಮನ ವಿರುದ್ಧ ಅದು ಏನನ್ನೂ ಹೇಳಿದಂತಾಗುವುದಿಲ್ಲ. ‘ಇದು ಅವನದೇ ದನಿ, ಕೇಳಿ’ ಎಂದು ಮೊದಲೇ ಹೇಳಿ ಕೇಳಿಸಿದರೆ ಕಿವಿಗೂ ಅವನೇ ಕೇಳಿಸುತ್ತಾನೆ. ನನಗೆ ಹೆಚ್ಚು ಭಯವಿರುವುದು ಅದರದ್ದೇ. ತಮ್ಮನನ್ನು ಒಂಟಿಯಾಗಿ ಬಿಡಬೇಡಿ.

ಹೂಬಿಸಿಲು: ನನ್ನ ಮಗಳು ‘ಕ’ ಬದಲು ‘ತ’ ಎನ್ನುತ್ತಾಳೆ. ಏನು ಮಾಡಲಿ?

ಧ್ವನಿವಿಜ್ಞಾನಿ: ಶ್ರವಣ ಪರೀಕ್ಷೆ. ಮೇಲೆ ಓದಿ.

ಗಂಟೆನಾದ: ದನಿ ಗಡಸಾಗಲು ಅಭ್ಯಾಸವೇನಾದರೂ ಇದೆಯೇ?

ಬೆಟ್ಟದದಾರಿ: ನಮ್ಮದು ಬರೆದಂತೆ ಓದುವ ಭಾಷೆ. ನಮಗೆ ಧ್ವನಿವಿಜ್ಞಾನ ಏಕೆ?

ಪಾಟಿಬಳಪ: ಹಾಗಾದರೆ ‘ಶ’, ‘ಷ’ಗಳನ್ನು ಬೇರೆಬೇರೆಯಾಗಿ ಉಚ್ಚರಿಸಿ ತೋರಿಸಿ.

ಬೆಟ್ಟದದಾರಿ: ನನಗೆ ಬರುತ್ತದೆ. ಬಾರದವರು ಕಲಿಯಲಿ.

ಪಾಟಿಬಳಪ: ‘ಕಷ್ಟ’ವನ್ನು ನೀವು ಹೇಗೆ ಹೇಳುತ್ತೀರಿ ಎಂಬುದನ್ನು ಹೋದ ತಿಂಗಳ ಧ್ವನಿಸಂದೇಶದಲ್ಲಿ ಎಲ್ಲರೂ ಕೇಳಿದ್ದೇವೆ.

ಬೆಟ್ಟದದಾರಿ: ವೈಯಕ್ತಿಕ ಮಾತು ಬೇಡ.

ಧ್ವನಿವಿಜ್ಞಾನಿ: ಇಬ್ಬರೂ ಕೇಳಿ. ವೇದಗಳ ಉಚ್ಚಾರಣೆಯನ್ನು ವಿವರಿಸುವ ಪ್ರಾಚೀನ ಗ್ರಂಥಗಳಾದ ಪ್ರಾತಿಶಾಖ್ಯಗಳನ್ನು ರಚಿಸಿದವರು ಧ್ವನಿ ಹುಟ್ಟುವ ಸ್ಥಾನವನ್ನೂ ಅದನ್ನು ಹೊರಡಿಸುವ ಪ್ರಯತ್ನವನ್ನೂ ವರ್ಗೀಕರಿಸಿದ್ದರು; ನಮ್ಮ ವರ್ಣಮಾಲೆಯ ಕ, ಚ, ಟ, ತ, ಪ ಸಾಲುಗಳು ಗಂಟಲ ಕಡೆಯಿಂದ ತುಟಿಯವರೆಗೆ ಬರುವುದೂ ಅದೇ ಕ್ರಮದಲ್ಲಿ. ಅಷ್ಟು ಸೂಕ್ಷ್ಮವಾಗಿ ಗಮನಿಸಿ ಜೋಡಿಸಿದ ವರ್ಣಮಾಲೆಯನ್ನು ಬಳಸಿಕೊಂಡೇ ಗಮನಿಸುವುದೇ ಬೇಡ ಎನ್ನುವುದು ಸರಿಯಲ್ಲ. ಲಿಪಿ ನಿಂತಲ್ಲೇ ನಿಲ್ಲುತ್ತದೆ, ಮಾತು ಸರಿಯುತ್ತದೆ. ಹಳಗನ್ನಡದ ‘ಪಾಲ್’ ಇಂದಿನ ‘ಹಾಲು’ ಆದದ್ದೂ ಹಾಗೆಯೇ.

ಕಡಲಹಕ್ಕಿ: ಕಲ್ಲಿನ ಬದಲು ಬಿರಡೆ ಇಟ್ಟರೆ ಅಪಾಯವಿಲ್ಲ ಎಂದು ಈಗ ಇನ್ನೊಂದು ಸಂದೇಶ ಬಂದಿದೆ.

ಧ್ವನಿವಿಜ್ಞಾನಿ: ಮಕ್ಕಳ ಬಾಯಿಗೆ ಏನನ್ನೂ ಇಡಬೇಡಿ. ನಿರ್ವಾಹಕರೇ, ಇವರ ಸಂದೇಶಗಳನ್ನು ತಡೆಯಿರಿ, ಇಲ್ಲವೇ ನಾನು ಹೊರಡುತ್ತೇನೆ.

ಮುಂಜಾವು: ಮೇಡಂ, ಆ ಮುದ್ರಿಕೆಯನ್ನು ಇಲ್ಲಿ ಹಾಕಲೇ? ಒಮ್ಮೆ ಕೇಳಿ ಹೇಳಿ.

ಧ್ವನಿವಿಜ್ಞಾನಿ: ಬೇಡ. ಇಲ್ಲಿರುವವರೆಲ್ಲ ತೀರ್ಪು ಕೊಡಲು ಶುರುಮಾಡುತ್ತಾರೆ. ಮೂಲ ಕಡತ ಬಂದ ಫೋನಿನಲ್ಲಿಯೇ ಇರಬೇಕೆಂದು ಕಚೇರಿಗೆ ಲಿಖಿತವಾಗಿ ಕೇಳಿ. ಅದನ್ನು ಇನ್ನೊಂದು ಫೋನಿನಲ್ಲಿ ಮರುಮುದ್ರಿಸುವುದು ಬೇಡ. ಘಟನೆಗೆ ಮುಂಚಿನ ತಮ್ಮನ ಧ್ವನಿಸಂದೇಶಗಳನ್ನು ಅಳಿಸದೆ ಇಡಿ. ನಾಳೆಯೇ ವಕೀಲರನ್ನು ಕಂಡು, ನ್ಯಾಯಿಕ ಧ್ವನಿ ಪರಿಣತರ ವರದಿ ಬೇಕೆಂದು ಹೇಳಿ.